ಟರ್ಬೊ ಕಿಟ್: ದೋಷಪತ್ತೆ ಮತ್ತು ಸೂಪರ್‌ಚಾರ್ಜರ್‌ಗೆ ಬದಲಾವಣೆ

ಟರ್ಬೊ ಇಲ್ಲದೆ ಕಾರ್ಖಾನೆಯಿಂದ ಹೊರಬಂದ ಎಂಜಿನ್ನಿಗೆ ಆಮೇಲೆ ಬೇರೆ ತಯಾರಕರಿಂದ ಕೊಂಡು ಜೋಡಿಸುವ ಟರ್ಬೊಚಾರ್ಜರ್, ಮ್ಯಾನಿಫೋಲ್ಡ್, ಕೊಳವೆಗಳು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ಇಂಧನ ನಿಯಂತ್ರಣದ ಭಾಗಗಳ ಒಟ್ಟು ಜೋಡಣೆಗೆ ಟರ್ಬೊ ಕಿಟ್ ಎನ್ನುತ್ತಾರೆ. ಇದು ಪದೇ ಪದೇ ಕೈಕೊಟ್ಟಾಗ ಕಿತ್ತುಹಾಕಿ ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಹಾಕಿಸುವ ಆಲೋಚನೆ ಮಾಲೀಕರಿಗೆ ಬರುತ್ತದೆ. ಈ ಎರಡೂ ದಾರಿಗಳನ್ನು ಹೆಚ್ಚಾಗಿ ತುಳಿದ ಕಾರುಗಳಲ್ಲಿ ಮಾಜ್ದಾ ಮಿಯಾಟಾ ಒಂದು. 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಎರಡು ಸೀಟಿನ ಕಾರು ಒಂದು ಟನ್ನಿಗಿಂತ ಹಗುರ. ಮೊದಲು ಬಂದ 1,598 ಸಿಸಿ ಎಂಜಿನ್ ಅಮೆರಿಕದ ಮಾದರಿಯಲ್ಲಿ 116 ಕುದುರೆಶಕ್ತಿ ಕೊಡುತ್ತಿತ್ತು. 1994ರಲ್ಲಿ 1,839 ಸಿಸಿ ಎಂಜಿನ್ ಬಂತು. ಓಡಿಸಲು ಹಿತವಾದರೂ ಶಕ್ತಿ ಸಾಲದು ಎಂಬ ಕೊರತೆ ಮೊದಲಿನಿಂದಲೂ ಇದ್ದುದರಿಂದ ಅಮೆರಿಕದಲ್ಲಿ ಇದಕ್ಕೆಂದೇ ಕಿಟ್ ತಯಾರಿಸುವ ಉದ್ಯಮ ಬೆಳೆಯಿತು.

ಎರಡೂ ಸಾಧನಗಳ ಕೆಲಸ ಒಂದೇ: ಸಿಲಿಂಡರಿಗೆ ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿ ತುಂಬುವುದು. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಕಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ, ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗುತ್ತದೆ. ಅದರ ಶಾಫ್ಟು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಹೊಗೆಯ ರಭಸ ಸಾಕಷ್ಟು ಏರುವವರೆಗೆ ಒತ್ತಡ ಹುಟ್ಟುವುದಿಲ್ಲ. ಸೂಪರ್‌ಚಾರ್ಜರ್ ಎಂಜಿನ್ನಿನ ಕ್ರ್ಯಾಂಕಿನಿಂದ ಬೆಲ್ಟ್ ಮೂಲಕ ತಿರುಗುವುದರಿಂದ ಕಾಲಿಟ್ಟ ಕ್ಷಣದಿಂದಲೇ ಒತ್ತಡ ಕೊಡುತ್ತದೆ, ಅದಕ್ಕೆ ತಕ್ಕ ಶಕ್ತಿಯನ್ನು ಎಂಜಿನ್ನಿನಿಂದಲೇ ಪಡೆಯುತ್ತದೆ. ಸೆಕೆಂಡಿಗೆ 0.1 ಕಿಲೋಗ್ರಾಂ ಗಾಳಿಯನ್ನು 60 ಡಿಗ್ರಿ ಬಿಸಿಯಾಗುವಷ್ಟು ಒತ್ತಲು ಸುಮಾರು 6 ಕಿಲೋವಾಟ್, ಎಂದರೆ 8 ಕುದುರೆಶಕ್ತಿ ಬೇಕು. ಬೆಲ್ಟು ಮತ್ತು ಬೇರಿಂಗುಗಳ ಘರ್ಷಣೆಗೆ ಹೋಗುವುದು ಬೇರೆ.

ಟರ್ಬೊ ಕೆಟ್ಟಿದೆ ಎಂದು ಗ್ಯಾರೇಜಿಗೆ ಬರುವ ದೂರುಗಳಲ್ಲಿ ಟರ್ಬೊ ನಿಜವಾಗಿ ಕೆಟ್ಟಿರುವ ಪ್ರಸಂಗಗಳು ಕಡಿಮೆ. ದೋಷ ಸಾಮಾನ್ಯವಾಗಿ ಅದರ ಸುತ್ತಲಿನ ಜೋಡಣೆಯಲ್ಲಿರುತ್ತದೆ. ಹಾಗಾಗಿ ಪರೀಕ್ಷೆಯನ್ನು ಅಗ್ಗದ ಕಾರಣಗಳಿಂದ ಆರಂಭಿಸುವುದು ಸರಿಯಾದ ಕ್ರಮ. ಮೊದಲನೆಯದು ಗಾಳಿಯ ಸೋರಿಕೆ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ದಾರಿಯಲ್ಲಿ ಹಲವು ರಬ್ಬರ್ ಹೋಸುಗಳೂ ಕ್ಲಾಂಪುಗಳೂ ಇರುತ್ತವೆ. ಅವುಗಳಲ್ಲಿ ಒಂದು ಸಡಿಲವಾದರೂ ಪಿಕಪ್ ಹೋಗುತ್ತದೆ. ಟರ್ಬೊದ ಬಾಯಿ ಮುಚ್ಚಿ, ಒಳಗೆ ಕಂಪ್ರೆಸರ್ ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ನೋಡುವ ವಿಧಾನವೇ ಇದು.

ಸೋರಿಕೆಯ ಲಕ್ಷಣ ಮಿಯಾಟಾದ 1.6 ಲೀಟರ್ ಎಂಜಿನ್ನಿನಲ್ಲಿ ದಾರಿ ತಪ್ಪಿಸುವಂಥದ್ದು. ಈ ಎಂಜಿನ್ ಒಳಬರುವ ಗಾಳಿಯನ್ನು ರೆಕ್ಕೆಯಂಥ ಬಾಗಿಲಿರುವ ಮಾಪಕದಿಂದ ಅಳೆದು ಪೆಟ್ರೋಲ್ ಲೆಕ್ಕ ಹಾಕುತ್ತದೆ. ಮಾಪಕವು ಟರ್ಬೊಗಿಂತ ಮೊದಲಿದ್ದು ಸೋರಿಕೆ ಅದರ ನಂತರ ಇದ್ದರೆ, ಅಳೆದ ಗಾಳಿಯಲ್ಲಿ ಒಂದು ಪಾಲು ಸಿಲಿಂಡರಿಗೆ ತಲುಪುವುದೇ ಇಲ್ಲ. ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ಗಿನ ಮೇಲೆ ಮಸಿ ಕೂರುತ್ತದೆ. ಥ್ರಾಟಲ್‌ನ ಆಚೆ ಸೋರಿಕೆಯಿದ್ದರೆ, ಐಡಲಿಂಗಿನಲ್ಲಿ ಅದೇ ತೂತು ಅಳೆಯದ ಗಾಳಿಯನ್ನು ಒಳಗೆಳೆದು ಎಂಜಿನ್ ನಿಂತಲ್ಲೇ ಏರಿಳಿಯುತ್ತದೆ. ಇಂಜೆಕ್ಟರ್ ಬದಲಿಸಿ, ಪಂಪು ಬದಲಿಸಿ ಹಣ ಕಳೆದುಕೊಂಡ ಮೇಲೆ ಒಂದು ಕ್ಲಾಂಪು ಬಿಗಿದಾಗ ಎಲ್ಲ ಸರಿಹೋಗುವ ಸಂದರ್ಭಗಳು ಇಂಥವೇ.

ಎರಡನೆಯದು ಇಂಧನ ಮತ್ತು ಇಗ್ನಿಷನ್. ಮೂಲ ಇಸಿಯುಗೆ, ಅಂದರೆ ಪೆಟ್ರೋಲನ್ನೂ ಕಿಡಿಯನ್ನೂ ನಿಯಂತ್ರಿಸುವ ಎಂಜಿನ್ ಕಂಪ್ಯೂಟರಿಗೆ, ಟರ್ಬೊ ಇರುವುದು ತಿಳಿದಿಲ್ಲ. ಆರಂಭದ ಕಿಟ್‌ಗಳು ಈ ಕೊರತೆಯನ್ನು ಗಾಳಿಯ ಒತ್ತಡದ ಜೊತೆಗೆ ಪೆಟ್ರೋಲಿನ ಒತ್ತಡವನ್ನೂ ಹಲವು ಪಟ್ಟು ಏರಿಸುವ ರೆಗ್ಯುಲೇಟರಿನಿಂದ ತುಂಬಿಸಲು ಯತ್ನಿಸಿದವು. ರಸ್ತೆಯಲ್ಲಿ ಅದು ಹೇಗೋ ನಡೆಯುತ್ತದೆ. ರೇಸ್ ಟ್ರ್ಯಾಕಿನಲ್ಲಿ ನಿಮಿಷಗಟ್ಟಲೆ ಪೂರ್ಣ ಒತ್ತಡದಲ್ಲಿ ಓಡಿಸಿದಾಗ ಹಳೆಯ ಪಂಪು ಕೈಚೆಲ್ಲುತ್ತದೆ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಒತ್ತಡದಲ್ಲಿರುವ ಎಂಜಿನ್ನನ್ನು ಕಾಪಾಡಲು ಸಾಮಾನ್ಯವಾಗಿ 11.5ರಿಂದ 12ರಷ್ಟು ಗಾಳಿಗೇ ಒಂದು ಪಾಲು ಪೆಟ್ರೋಲ್ ಕೊಡುತ್ತಾರೆ. ಇದನ್ನು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಲ್ಲದೆ ಅಳೆಯಲಾಗದು. ಮೊದಲ ತಲೆಮಾರಿನ ಮಿಯಾಟಾದಲ್ಲಿ ನಾಕಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ಅಕಾಲದಲ್ಲಿ ತಾನೇ ಸಿಡಿಯುವುದು) ಹಿಡಿಯುವ ಸೆನ್ಸರ್ ಕೂಡ ಇಲ್ಲದ್ದರಿಂದ, ಕಿವಿಗೆ ಸದ್ದು ಬೀಳುವ ಹೊತ್ತಿಗೆ ಪಿಸ್ಟನ್ನಿಗೆ ಪೆಟ್ಟು ಬಿದ್ದಿರಬಹುದು. ಒತ್ತಡವನ್ನು ನೇರವಾಗಿ ಓದಿ ಪೆಟ್ರೋಲನ್ನೂ ಕಿಡಿಯ ಸಮಯವನ್ನೂ ನಿರ್ಧರಿಸುವ ಸ್ವತಂತ್ರ ಇಸಿಯುಗಳು, ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್‌ನಂಥವು, ಈ ಕಾರಿನಲ್ಲಿ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ.

ಒತ್ತಡ ಮಿತಿಮೀರಿದರೆ, ಹೆಚ್ಚಿನ ಹೊಗೆಯನ್ನು ಟರ್ಬೈನಿನ ಪಕ್ಕದಿಂದ ಹೊರಬಿಡುವ ವೇಸ್ಟ್‌ಗೇಟ್ ಕಡೆ ನೋಡಬೇಕು. ಅದನ್ನು ತೆರೆಯುವ ಸಣ್ಣ ರಬ್ಬರ್ ಹೋಸು ಕಳಚಿದರೆ ಹೊಗೆಯೆಲ್ಲ ಟರ್ಬೈನಿನ ಮೂಲಕವೇ ಹೋಗಿ ಒತ್ತಡ ಎಲ್ಲೆ ಮೀರುತ್ತದೆ. ಇದು ಎಂಜಿನ್ ಒಡೆಯುವ ದೋಷ, ಕಂಡ ಕೂಡಲೇ ಓಡಿಸುವುದನ್ನು ನಿಲ್ಲಿಸಬೇಕು. ಹೋಸು ಸರಿಯಿದ್ದೂ ವೇಗ ಏರಿದಂತೆ ಒತ್ತಡ ಮೆಲ್ಲನೆ ಏರುತ್ತಿದ್ದರೆ ವೇಸ್ಟ್‌ಗೇಟಿನ ರಂಧ್ರವೇ ಕಿರಿದು ಎಂದರ್ಥ.

ನೀಲಿ ಹೊಗೆ ಕಂಡರೆ ಆಯಿಲ್ ಉರಿಯುತ್ತಿದೆ ಎಂಬುದು ನಿಜ, ಆದರೆ ಸೀಲು ಸವೆದಿದೆ ಎಂದು ತೀರ್ಮಾನಿಸಲು ಅದಷ್ಟೇ ಸಾಲದು. ಟರ್ಬೊದ ಬೇರಿಂಗಿಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ, ಹಿಂದಿರುಗುವುದು ತನ್ನ ಭಾರದಿಂದ ಮಾತ್ರ. ಹಿಂದಿರುಗುವ ಕೊಳವೆ ಕಿರಿದಾದರೆ, ಎಲ್ಲಾದರೂ ಮೇಲಕ್ಕೆ ಬಾಗಿದರೆ, ಅಥವಾ ಆಯಿಲ್ ಪ್ಯಾನಿನಲ್ಲಿ ಆಯಿಲ್ ಮಟ್ಟಕ್ಕಿಂತ ಕೆಳಗೆ ಸೇರಿಕೊಂಡರೆ ಆಯಿಲ್ ಹಿಂದೆ ಒತ್ತಿ ಸೀಲು ದಾಟುತ್ತದೆ. ಹೊಸ ಟರ್ಬೊ ಹಾಕಿದರೂ ಮತ್ತೆ ಅದೇ ಹೊಗೆ. ಶಾಫ್ಟಿನ ಪರೀಕ್ಷೆಯಲ್ಲೂ ಎಚ್ಚರ ಬೇಕು: ಆಯಿಲ್ ಪದರದ ಮೇಲೆ ತೇಲುವ ಬೇರಿಂಗಿನಲ್ಲಿ ಅಡ್ಡಕ್ಕೆ ತುಸು ಆಟ ಇರುವುದು ಸಹಜ, ಹಿಂದೆಮುಂದೆ ಆಡಿದರೆ ಅಥವಾ ಚಕ್ರ ಕವಚಕ್ಕೆ ತಾಗಿದ ಗುರುತಿದ್ದರೆ ಮಾತ್ರ ಟರ್ಬೊ ಹೋಗಿದೆ.

ಮಿಯಾಟಾ ಟರ್ಬೊದ ನಿಜವಾದ ಹಳೆಯ ರೋಗ ಬಿಸಿ. ಜೋರಾಗಿ ಓಡಿಸುವಾಗ ಹೊಗೆ 800 ಡಿಗ್ರಿ ದಾಟುತ್ತದೆ. ಎರಕದ ಮ್ಯಾನಿಫೋಲ್ಡ್ ಬಿರಿಯುತ್ತದೆ, ಟರ್ಬೊ ಹಿಡಿದಿಡುವ ಸ್ಟಡ್ಡುಗಳು ಹಿಗ್ಗಿ ನಟ್ಟು ಬಿಚ್ಚಿಕೊಳ್ಳುತ್ತದೆ, ಗ್ಯಾಸ್ಕೆಟ್ ಸುಟ್ಟು ಟಿಕ್ ಟಿಕ್ ಸದ್ದು ಕೇಳುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವರು ಇಂಕೊನೆಲ್ ಮಿಶ್ರಲೋಹದ ಸ್ಟಡ್ಡುಗಳನ್ನು ಬಳಸಿ ಇದನ್ನು ತಹಬಂದಿಗೆ ತಂದರು.

ಸೂಪರ್‌ಚಾರ್ಜರ್ ಹಾಕಿದರೆ ಈ ಕೊನೆಯ ರೋಗ ಬುಡದಿಂದಲೇ ಹೋಗುತ್ತದೆ, ಏಕೆಂದರೆ ಅದಕ್ಕೂ ಹೊಗೆಗೂ ಸಂಬಂಧವಿಲ್ಲ. ಜ್ಯಾಕ್ಸನ್ ರೇಸಿಂಗ್ ಮಿಯಾಟಾಕ್ಕಾಗಿ ಮಾರಿದ ಕಿಟ್ಟಿನಲ್ಲಿದ್ದ ಈಟನ್ ಎಂ45 ಪ್ರತಿ ಸುತ್ತಿಗೆ 45 ಘನ ಅಂಗುಲ, ಅಂದರೆ ಮುಕ್ಕಾಲು ಲೀಟರಿನಷ್ಟು ಗಾಳಿ ತಳ್ಳುತ್ತದೆ. ಅದರ ಗೇರುಗಳಿಗೆ ಬೇಕಾದ ಆಯಿಲ್ ಅದರೊಳಗೇ ಮುಚ್ಚಿರುವುದರಿಂದ ಎಂಜಿನ್ನಿನಿಂದ ಆಯಿಲ್ ಪೈಪ್ ಎಳೆಯುವ ಕೆಲಸವೂ ಇಲ್ಲ. ಪೇಟೆಯ ಓಡಾಟದಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಅದರ ಎಳೆತಕ್ಕೆ ಚಿಕ್ಕ ಟರ್ಬೊ ಕೂಡ ಸಮನಲ್ಲ.

ಇತರ ಹಲವು ತೊಂದರೆಗಳು ಹಾಗೇ ಉಳಿಯುತ್ತವೆ, ಕೆಲವು ಹೆಚ್ಚುತ್ತವೆ. ಇಂಧನ, ಕಿಡಿಯ ಸಮಯ, ನಾಕಿಂಗ್ ಯಾವುದೂ ಬದಲಾಗುವುದಿಲ್ಲ. 20 ಡಿಗ್ರಿ ಇರುವ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದಾಗ, ಶೇ 70ರ ದಕ್ಷತೆಯಿರುವ ಟರ್ಬೊದಲ್ಲಿ ಅದು ಸುಮಾರು 71 ಡಿಗ್ರಿ ಮುಟ್ಟಿದರೆ, ಶೇ 55ರ ದಕ್ಷತೆಯ ಎಂ45ರಂಥ ರೂಟ್ಸ್ ಮಾದರಿಯ ಸೂಪರ್‌ಚಾರ್ಜರಿನಲ್ಲಿ (ಬ್ಲೋವರ್) 85 ಡಿಗ್ರಿ ದಾಟುತ್ತದೆ. ಎಂ45ರ ಮೂಲ ಕಿಟ್ಟಿನಲ್ಲಿ ಇಂಟರ್‌ಕೂಲರ್ ಇರಲಿಲ್ಲ. ಬೆಲ್ಟು ಜಾರಿದರೆ ಮೇಲಿನ ಆರ್‌ಪಿಎಂನಲ್ಲಿ ಒತ್ತಡ ಕುಸಿಯುತ್ತದೆ. ಬಿಗಿದರೆ ಬೇರಿಂಗುಗಳ ಮೇಲೆ ಭಾರ. 1990–91ರ ಮಿಯಾಟಾಗಳಲ್ಲಿ ಕ್ರ್ಯಾಂಕಿನ ಮುಂತುದಿ ಗಿಡ್ಡವಾಗಿದ್ದು, ಪುಲ್ಲಿ ಹಿಡಿಯುವ ಕೀಲಿ ಸಡಿಲಗೊಂಡು ಕ್ರ್ಯಾಂಕೇ ಹಾಳಾದದ್ದಿದೆ. ಬ್ಲೋವರಿನ ಬೆಲ್ಟು ಎಳೆಯುವುದು ಅದೇ ತುದಿಯನ್ನು. ಎತ್ತರದ ಊರುಗಳಲ್ಲಿ ಟರ್ಬೊಗೇ ಮೇಲುಗೈ. ಬೆಂಗಳೂರಿಗಿಂತ ಸುಮಾರು 700 ಮೀಟರ್ ಎತ್ತರದ ಡೆನ್ವರಿನಲ್ಲಿ ಗಾಳಿಯ ಒತ್ತಡ ಸುಮಾರು 0.83 ಬಾರ್. ಅಲ್ಲಿ ಒಂದೂವರೆ ಪಟ್ಟು ಒತ್ತುವ ಬ್ಲೋವರ್ 1.25 ಬಾರ್ ಕೊಟ್ಟರೆ, ವೇಸ್ಟ್‌ಗೇಟಿನಲ್ಲಿ ಅರ್ಧ ಬಾರ್ ಸ್ಪ್ರಿಂಗ್ ಇರುವ ಟರ್ಬೊ 1.33 ಬಾರ್ ಕೊಡುತ್ತದೆ.

ಎರಡರಿಂದಲೂ ವಾಸಿಯಾಗದ ದೌರ್ಬಲ್ಯಗಳು ಕಾರಿನಲ್ಲೇ ಇವೆ. ಈ ಎಂಜಿನ್ ಮೂಲತಃ ಮುಂಚಕ್ರ ಚಾಲನೆಯ ಮಾಜ್ದಾ ಕಾರುಗಳಿಗಾಗಿ ಅಡ್ಡ ಕೂರಿಸಿದ್ದ ಕುಟುಂಬದ್ದು. ಮಿಯಾಟಾಕ್ಕೆ ಉದ್ದಕ್ಕೆ ತಿರುಗಿಸಿದಾಗ ಬಿಸಿ ನೀರು ಹೊರಹೋಗುವ ದಾರಿಯನ್ನು ಮುಂದಕ್ಕೆ ತಂದರು. ಹಿಂದಿನ ನಾಲ್ಕನೆಯ ಸಿಲಿಂಡರಿನ ಸುತ್ತ ನೀರಿನ ಓಟ ಕುಂದಿತು. ಆ ದಾರಿಯನ್ನು ಮತ್ತೆ ಹಿಂದಕ್ಕೆ ಒಯ್ಯುವ ಮಾರ್ಪಾಡು ಯಾವುದೇ ಕಿಟ್‌ಗಿಂತ ಮೊದಲು ಆಗಬೇಕಾದ ಕೆಲಸ. 1.6 ಲೀಟರ್ ಕಾರಿನ ಚಿಕ್ಕ ಡಿಫರೆನ್ಷಿಯಲ್ ಕೂಡ ಹೆಚ್ಚಿನ ಶಕ್ತಿ ತಡೆಯದು. 1994ರಿಂದ ದೊಡ್ಡದು ಬಂತು.

ಬದಲಾಯಿಸುವುದೇ ಆದರೆ ಆಯಿಲ್ ಪ್ಯಾನಿಗೆ ಕೊರೆದ ತೂತು ಮುಚ್ಚಬೇಕು, ಆಯಿಲ್ ಮತ್ತು ನೀರಿನ ಕವಲುಗಳನ್ನು ತೆಗೆಯಬೇಕು, ಮೂಲ ಮ್ಯಾನಿಫೋಲ್ಡ್ ಹಾಕಬೇಕು, ಇಸಿಯು ಮತ್ತೆ ಹೊಂದಿಸಬೇಕು. ಸೋರುವ ಹೋಸನ್ನೋ ಸೋತ ಪಂಪನ್ನೋ ಗುರುತಿಸದೆ ಇಷ್ಟು ಮಾಡಿದರೆ ಹಳೆಯ ದೋಷ ಹೊಸ ಯಂತ್ರದ ಜೊತೆ ಬರುತ್ತದೆ. ಕಾರಣ ಹುಡುಕದೆ ಟರ್ಬೊ ಕಿತ್ತುಹಾಕಿದ್ದಕ್ಕೆ ಹಿಂದೆಯೂ ಉದಾಹರಣೆಯಿದೆ. 1962ರಲ್ಲಿ ಬಂದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರಿನ ಟರ್ಬೊಗೆ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣ ಬೇಕಿತ್ತು. ತೊಟ್ಟಿ ಖಾಲಿಯಾದರೆ ಒತ್ತಡ ತಾನೇ ತಗ್ಗುತ್ತಿತ್ತು. ತುಂಬಿಸಲು ಮರೆತ ಮಾಲೀಕರು ಪಿಕಪ್ ಇಲ್ಲವೆಂದು ದೂರಿದರು, ಹಲವರು ಟರ್ಬೊ ತೆಗೆಸಿ ಕಾರ್ಬ್ಯುರೇಟರ್ ಹಾಕಿಸಿಕೊಂಡರು. ಇಡೀ ಜೋಡಣೆಯನ್ನು ಒಟ್ಟಾಗಿ ಯೋಚಿಸಿದಾಗ ಮಿಯಾಟಾದಲ್ಲೂ ಟರ್ಬೊ ನಿಲ್ಲುತ್ತದೆ: ಮಾಜ್ದಾ ಸ್ವತಃ 2004ರಲ್ಲಿ 178 ಕುದುರೆಶಕ್ತಿಯ ಟರ್ಬೊ ಮಾದರಿಯನ್ನು ಮಾರಿತು.

ಸಾಧಾರಣ ಶಕ್ತಿ, ತಕ್ಷಣದ ಎಳೆತ ಮತ್ತು ಕಡಿಮೆ ರಗಳೆ ಬಯಸುವವರಿಗೆ ಸೂಪರ್‌ಚಾರ್ಜರ್ ಸರಿ. ಹೆಚ್ಚು ಶಕ್ತಿ ಬೇಕೆನ್ನುವವರು ಟರ್ಬೊವನ್ನೇ ದುರಸ್ತಿ ಮಾಡಿಸುವುದು ಲೇಸು. ಕ್ಯಾಲಿಫೋರ್ನಿಯದಲ್ಲಿ ಎರಡರಲ್ಲಿ ಯಾವುದಕ್ಕೂ ಅಲ್ಲಿನ ವಾಯು ಮಂಡಳಿಯ ವಿನಾಯಿತಿ ಆದೇಶ ಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಆ ನಿಷೇಧವನ್ನು ಎತ್ತಿಹಿಡಿದಿದೆ.