ಮೊಳಕೆ ಕಾಳು, ಮಣ್ಣಿನ ಮಡಕೆ

ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುವುದು ನಮ್ಮಲ್ಲಿ ಅಜ್ಜಿಯಂದಿರ ಕೆಲಸ. ಆ ಹಿಟ್ಟು ಮೊಮ್ಮಕ್ಕಳ ಸರಿಗಾಗಿ ಮಸ್ಕತ್ತಿಗೂ ಬರುತ್ತದೆ. "ಅಜ್ಜಿ, ನೀವು ಬಿಯರಿನ ಅರ್ಧ ಕೆಲಸ ಮುಗಿಸಿದ್ದೀರಿ" ಎಂದರೆ ಸೌಟು ಹಿಡಿದೇ ಬಂದಾರು! ಆದರೆ ಮಾತು ಸುಳ್ಳಲ್ಲ. ಕಾಳು ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದರೆ ಮದ್ಯಸಾರ. ರಾಗಿಯ ತವರಾದ ಪೂರ್ವ ಆಫ್ರಿಕದಲ್ಲಿ ಇದೇ ಮೊಳಕೆ ರಾಗಿಯಿಂದ ಹೆಂಗಸರು ಮನೆಯಲ್ಲೇ ಬಿಯರ್ ಮಾಡುತ್ತ ಬಂದಿದ್ದಾರೆ. ಕಾಳು ಕಡಲು ದಾಟಿ ನಮ್ಮಲ್ಲಿಗೆ ಬಂದು ಮುದ್ದೆಯಾಯಿತು, ಸರಿಯಾಯಿತು.

ನಾವಿಂದು ಬದುಕು ಕಟ್ಟಿಕೊಂಡಿರುವ ಓಮಾನ್, ಪ್ರಾಚೀನ ಸುಮೇರಿನ ಬರಹಗಳಲ್ಲಿ ಬರುವ ತಾಮ್ರದ ನಾಡು 'ಮಗನ್' ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಮಗನ್ ಮತ್ತು ಮೆಲುಹ್ಹದ ಹಡಗುಗಳು ತನ್ನ ರಾಜಧಾನಿಯ ಕಟ್ಟೆಗೆ ಬಂದು ನಿಲ್ಲುತ್ತವೆಂದು ಸುಮಾರು 4,300 ವರ್ಷಗಳ ಹಿಂದೆ ಅಕ್ಕಾಡಿನ ದೊರೆ ಸರ್ಗೋನ್ ಹೇಳಿಕೊಂಡ. ಮೆಲುಹ್ಹವೆಂದರೆ ಸಿಂಧೂ ಕಣಿವೆ. ಅಂದರೆ ಅಂದಿನ ಕಟ್ಟೆಯಲ್ಲೂ ಓಮಾನಿಗೂ ಭಾರತೀಯನಿಗೂ ಭೇಟಿಯಾಗಿರಬೇಕು! ಆ ದೇಶದಲ್ಲಿ ಕೂಲಿಯಾಳುಗಳ ಪಡಿಯಲ್ಲಿ ಬಾರ್ಲಿಯ ಜೊತೆಗೆ ಬಿಯರೂ ಸೇರಿತ್ತು. ಉಪಕರಣವೇನು? ಮಣ್ಣಿನ ಮಡಕೆ, ಹೊಟ್ಟು ಬಾಯಿಗೆ ಬಾರದಂತೆ ಹೀರಲು ಒಂದು ಜೊಂಡಿನ ಕೊಳವೆ. ಬಿಯರಿಗೆ ಅವರು ಇಟ್ಟಿದ್ದ ಅಧಿದೇವತೆ ನಿನ್ಕಾಸಿಯೂ ಹೆಣ್ಣೇ.

ಓಮಾನಿನಲ್ಲೇ ಮನೆಯ ಮದ್ಯದ ಸುದ್ದಿ ಸಿಗುವುದು ಬಹಳ ಈಚೆಗೆ. 1835ರ ಕೊನೆಯಲ್ಲಿ ಜಬಲ್ ಅಖ್ದರ್ ಏರಿದ ಲೆಫ್ಟಿನೆಂಟ್ ವೆಲ್‌ಸ್ಟೆಡ್, ಅಲ್ಲಿನ ಬನಿ ರಿಯಾಂ ಜನ ತಮ್ಮ ಮೆಟ್ಟಿಲು ತೋಟಗಳ ದ್ರಾಕ್ಷಿಯಿಂದ ಮದ್ಯ ಮಾಡಿ ಬಹಿರಂಗವಾಗಿಯೇ ಕುಡಿಯುತ್ತಿದ್ದರೆಂದು ತನ್ನ 1838ರ ಪುಸ್ತಕದಲ್ಲಿ ಬರೆದಿದ್ದಾನೆ. ಕೇಳಿದರೆ ಬೆಟ್ಟದ ಚಳಿಯ ನೆಪ! ರಜೆಯಲ್ಲಿ ದಾಳಿಂಬೆ, ಪನ್ನೀರು ತರಲು ಅಲ್ಲಿಗೆ ಹೋಗಿ ಶಾಲು ಹೊದ್ದು ನಡುಗಿರುವ ನಾವು ಚಳಿಯನ್ನಂತೂ ಅಲ್ಲಗಳೆಯಲಾರೆವು. ಇಂದು ಆ ತೋಟಗಳ ಹೆಸರು ಗುಲಾಬಿಗೆ. ದೇಶದ ಕಾನೂನಿನಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅತಿಥಿಗಳಾದ ನಾವು ಅದನ್ನು ಗೌರವಿಸುತ್ತೇವೆ.

ನಮ್ಮ ನಾಡಿನಲ್ಲೂ ಮನೆಯ ಮಡಕೆ ಅಪರಾಧವಾಯಿತು, ಆದರೆ ಕಾರಣ ಬೇರೆ. ಧಾರವಾಡದ ಕಡೆಗೆ 1878ರ ಮುಂಬಯಿ ಅಬಕಾರಿ ಕಾಯಿದೆ, ಮಂಗಳೂರಿನ ಕಡೆಗೆ 1886ರ ಮದರಾಸು ಅಬಕಾರಿ ಕಾಯಿದೆ ಬಂದವು. ಕುಡಿತ ತಗ್ಗಿಸುವುದಕ್ಕಿಂತ ಬೊಕ್ಕಸ ತುಂಬಿಸುವುದೇ ಅವುಗಳ ಮುಖ್ಯ ಗುರಿಯಾಗಿತ್ತೆಂದು ನಮಗನಿಸುತ್ತದೆ. ಮದ್ಯ ಗುತ್ತಿಗೆದಾರನ ಪಾಲಾಯಿತು; ಗುಡಿಸಲ ಹೆಂಗಸಿನ ಹದಜ್ಞಾನ ಯಾವ ದಫ್ತರದಲ್ಲೂ ಉಳಿಯಲಿಲ್ಲ.

ಉಳಿದದ್ದು ಅಡುಗೆಮನೆಯ ಹುದುಗು ಮಾತ್ರ. ಕರಾವಳಿಯ ಕ್ರೈಸ್ತ ಬಂಧುಗಳು ಹಬ್ಬದ ಸನ್ನಕ್ಕೆ ಅಕ್ಕಿ ಹಿಟ್ಟು ಉಬ್ಬಿಸಲು ಊರಿನಲ್ಲಿ ಶೇಂದಿ ಬೆರೆಸುತ್ತಾರೆ. ಮಸ್ಕತ್ತಿನಲ್ಲಿ ಶೇಂದಿ ಎಲ್ಲಿಂದ? ಅಂಗಡಿಯ ಒಣ ಯೀಸ್ಟೇ ಗತಿ. ಬ್ರೆಡ್ಡಿಗೆಂದು ಮಾರುವ ಆ ಯೀಸ್ಟೂ ಬಿಯರಿನ ಯೀಸ್ಟಿನ ಜಾತಿಯದೇ. ಶೇಂದಿಯ ಕಂಪು ಅದರಲ್ಲಿಲ್ಲ. ಆದರೆ ಇಲ್ಲಿನ ಜೂನ್ ತಿಂಗಳ ಸೆಕೆಯಲ್ಲಿ ಸ್ವಲ್ಪ ಕಣ್ಣು ತಪ್ಪಿಸಿದರೂ ಹಿಟ್ಟು ಪಾತ್ರೆಯ ಅಂಚು ದಾಟಿ ಕಟ್ಟೆಯ ಮೇಲೆ ಹರಿದಿರುತ್ತದೆ.