ಟಕ್ಕೆಯ ಗೋರಿಗಳು: ದೆವ್ವದ ಕಥೆಯೂ ಲೆಕ್ಕದ ಮಾತೂ

ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ದೆವ್ವದ ಕಥೆಯೆಂದರೆ ಶನಿವಾರವಾಡೆಯದು. ಕೊಂಢವಾದ ಯಾವ ಕನ್ನಡ ಮನೆಯ ಹುಡುಗನನ್ನು ಕೇಳಿದರೂ, ಹುಣ್ಣಿಮೆಯ ರಾತ್ರಿ ಅಲ್ಲಿ "ಕಾಕಾ, ಮಲಾ ವಾಚವಾ" ಎಂಬ ಕೂಗು ಕೇಳಿಸುತ್ತದೆಂದು ಕಣ್ಣರಳಿಸಿ ಹೇಳುತ್ತಾನೆ. 1773ರ ಆಗಸ್ಟ್ 30ರಂದು ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನು ತನ್ನ ಅರಮನೆಯಲ್ಲಿಯೇ ಗಾರದಿಗಳ ಕತ್ತಿಗೆ ತುತ್ತಾದದ್ದು ಚರಿತ್ರೆ. ಆನಂದೀಬಾಯಿಯು ಆಜ್ಞಾಪತ್ರದಲ್ಲಿ "ಧರಾವೆ" ಎಂದಿದ್ದುದನ್ನು "ಮಾರಾವೆ" ಎಂದು ತಿದ್ದಿದಳೆಂಬುದು ಜನರ ಬಾಯಿಮಾತು. ಒಂದೇ ಅಕ್ಷರ ತಿದ್ದಿದ ಕಾಗದವನ್ನು ಸಹಿಯಿಲ್ಲದೆ ನಾವು ಬ್ಯಾಂಕಿನಲ್ಲಿ ಮುಟ್ಟುವುದೂ ಇಲ್ಲ. ಗಾರದಿಗಳು ಅಷ್ಟು ವಿಚಾರಿಸಲಿಲ್ಲವೆಂದು ತೋರುತ್ತದೆ.

ಇಂಥದೇ ಒಂದು ಅಳು ನಮ್ಮ ನಾಡಿನಲ್ಲಿಯೂ ಇದೆ. ಅದನ್ನು ನಮ್ಮ ಮಕ್ಕಳು ಕೇಳಿಲ್ಲ. ಕೇಳಿದ್ದರೂ ಕೇಳಬಾರದ ರೀತಿಯಲ್ಲಿ ಕೇಳಿದ್ದಾರೆ. ನಮ್ಮ ಬಳಗದ ಒಂದು ಮನೆಯ ಹುಡುಗನನ್ನು ಶಾಲೆಯಲ್ಲಿ ಗೆಳೆಯರು "ಅಫಜಲಖಾನನ ಊರವನು" ಎಂದು ಕರೆದು ನಕ್ಕರಂತೆ. ಹುಡುಗ ಮನೆಗೆ ಬಂದು, "ಅಪ್ಪಾ, ಅವನು ತನ್ನ ಅರವತ್ತು ಮಂದಿ ಹೆಂಡಂದಿರನ್ನು ಕೊಂದನಂತೆ, ಹೌದೇ?" ಎಂದು ಕೇಳಿದನು. ತಂದೆಗೆ ಉತ್ತರ ಹೊಳೆಯಲಿಲ್ಲ. ನಮ್ಮನ್ನು ಕೇಳಿದರು, ನಮಗೂ ಹೊಳೆಯಲಿಲ್ಲ. ಈ ಲೇಖನದ ಹುಟ್ಟು ಇಷ್ಟೇ.

ಕೊಂಢವಾದಿಂದ ಸೊಲ್ಲಾಪುರದ ದಾರಿ ಹಿಡಿದು, ಮುಂದೆ ಧೂಳಖೇಡದ ಬಳಿ ಭೀಮೆಯನ್ನು ದಾಟಿದರೆ ಕನ್ನಡದ ಫಲಕಗಳು ಕಣ್ಣಿಗೆ ಬೀಳತೊಡಗುತ್ತವೆ. ಒಟ್ಟು ಸುಮಾರು 350 ಕಿಲೋಮೀಟರು. ಹಿಂದೆ ಬಿಜಾಪುರವೆನಿಸಿ, 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರವಾದ ಆ ಊರಿಗೆ ಹೋದವರೆಲ್ಲ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಇಬ್ರಾಹಿಂ ರೋಜಾ ನೋಡುತ್ತಾರೆ, ಮಲಿಕ್-ಎ-ಮೈದಾನ್ ತೋಪಿನ ಮೇಲೆ ಕೈಯಾಡಿಸಿ ತಿರುಗುತ್ತಾರೆ. ಊರಿನ ಪಶ್ಚಿಮಕ್ಕಿರುವ ಅಫಜಲಪುರ ಟಕ್ಕೆಯ ಕಡೆಗೆ ಹೋಗುವವರು ವಿರಳ. ನಾವು ಹೋದದ್ದು ಆ ಹುಡುಗನ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು.

ಅಫಜಲಖಾನನು ಆದಿಲಶಾಹಿಯ ದೊಡ್ಡ ಸರದಾರ. ಮಹಮ್ಮದ ಆದಿಲಶಹನ ಕಾಲದಲ್ಲಿ ಕರ್ನಾಟಕದ ದಂಡಯಾತ್ರೆಗಳಲ್ಲಿ ಹೆಸರು ಪಡೆದವನು. ಸಿರಾದ ಕಸ್ತೂರಿರಂಗ ನಾಯಕನನ್ನು ಮಾತುಕತೆಗೆಂದು ಕರೆದು ಕೊಲ್ಲಿಸಿದನೆಂಬ ಅಪವಾದ ಅವನ ಮೇಲಿದೆ. ನಮ್ಮ ಕನಕಗಿರಿಯಲ್ಲಿ ಶಿವಾಜಿ ಮಹಾರಾಜರ ಅಣ್ಣ ಸಂಭಾಜಿ ಮಡಿದುದಕ್ಕೂ ಮರಾಠಿ ಇತಿಹಾಸಕಾರರು ಅವನನ್ನೇ ಹೊಣೆ ಮಾಡುತ್ತಾರೆ. ಅಂದರೆ ಖಾನನಿಂದ ನೊಂದವರಲ್ಲಿ ಕನ್ನಡಿಗರೂ ಇದ್ದರು. ಈ ಮಾತನ್ನು ಆ ಶಾಲೆಯ ಹುಡುಗರಿಗೆ ಹೇಳುವವರಿಲ್ಲ.

ಟಕ್ಕೆಯಲ್ಲಿ ಅವನ ಅರಮನೆಯಿತ್ತು. ಅದರ ಮಗ್ಗುಲಲ್ಲಿ ಅವನು ಒಂದು ಮಸೀದಿಯನ್ನೂ ತನಗಾಗಿ ಒಂದು ಗೋರಿಯನ್ನೂ ಕಟ್ಟಿಸಿದನು. ಮಸೀದಿಯ ಶಾಸನದಲ್ಲಿ ಅವನ ಹೆಸರೂ 1653ಕ್ಕೆ ಸರಿಹೊಂದುವ ಹಿಜರಿ ವರ್ಷವೂ ಇವೆ. ಮಸೀದಿಗೆ ಎರಡು ಅಂತಸ್ತುಗಳು. ಮೇಲಿನದು ಬಹುಶಃ ರಾಣೀವಾಸದ ಹೆಂಗಸರ ಪ್ರಾರ್ಥನೆಗೆಂದು ಮೀಸಲಾಗಿತ್ತೆಂದು ತಿಳಿದವರು ಊಹಿಸಿದ್ದಾರೆ. ಗೋರಿ ಮಾತ್ರ ಪೂರ್ತಿಯಾಗಲಿಲ್ಲ. 1659ರಲ್ಲಿ ಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೊರಟನು. ಅದೇ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಹತನಾದನು. ಆ ಭೇಟಿಯ ವಿವರಗಳು ಇಲ್ಲಿಯ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವನನ್ನು ಮಣ್ಣು ಮಾಡಿದ್ದೂ ಅಲ್ಲಿಯೇ. ಟಕ್ಕೆಯ ಗೋರಿ ತನ್ನ ಒಡೆಯನನ್ನು ಕಾಣಲಿಲ್ಲ.

ಇನ್ನು ಕಥೆ. ದಂಡಯಾತ್ರೆಗೆ ಮೊದಲು ಜ್ಯೋತಿಷಿಗಳು ಖಾನನಿಗೆ, "ನೀನು ಜೀವಂತ ಮರಳುವುದಿಲ್ಲ" ಎಂದರಂತೆ. ಅವನು ಅದನ್ನು ಎಷ್ಟು ನಂಬಿದನೆಂದರೆ, ಹೊರಡುವ ವರ್ಷವನ್ನೇ ಮರಣವರ್ಷವೆಂದು ತನ್ನ ಗೋರಿಯ ಮೇಲೆ ಕೆತ್ತಿಸಿದನಂತೆ. ತಾನು ಸತ್ತ ಮೇಲೆ ಹೆಂಡಂದಿರು ಪರರ ಪಾಲಾಗಬಾರದೆಂದು ಒಬ್ಬೊಬ್ಬಳನ್ನೇ ಬಾವಿಗೆ ನೂಕಿಸಿದನಂತೆ. ಒಬ್ಬಳು ತಪ್ಪಿಸಿಕೊಂಡು ಓಡಿದಳೆಂದು ಕೆಲವರು, ಓಡಿದವಳನ್ನೂ ಹಿಡಿದು ತಂದರೆಂದು ಕೆಲವರು. ಕತ್ತಲಾದ ಮೇಲೆ ಅಲ್ಲಿ ಹೆಂಗಸರ ಅಳು ಕೇಳಿಸುತ್ತದೆ, ಬಾವಿಯ ಕಡೆಯಿಂದ ಚೀತ್ಕಾರ ಬರುತ್ತದೆ ಎಂಬುದು ಇದರ ಬಾಲ.

ಅರಮನೆಯ ನಿವೇಶನದ ದಕ್ಷಿಣಕ್ಕೆ, ಹೊಲಗಳ ನಡುವೆ, ಒಂದು ಕಲ್ಲಿನ ಜಗಲಿ. ಅದರ ಮೇಲೆ ಕರಿಗಲ್ಲಿನ ಗೋರಿಗಳು ಸಾಲುಸಾಲಾಗಿವೆ. ಸ್ಥಳಕ್ಕೆ ಜನ ಕರೆಯುವ ಹೆಸರು "ಸಾಠ್ ಕಬರ್". ಇದನ್ನು "ಸಾತ್" ಎಂದು ಕೇಳಿಸಿಕೊಂಡು ಏಳೇ ಗೋರಿಗಳಿವೆಯೆಂದು ತಿಳಿದು ಬರುವವರೂ ಉಂಟು. ಸಾಠ್ ಎಂದರೆ ಅರವತ್ತು. ದಿನವಿಡೀ ಅಂಕಿ ಕೂಡಿಸುವವರಿಗೆ ಎಣಿಸದೆ ಇರಲಾಗುವುದಿಲ್ಲ. ಮೊದಲ ನಾಲ್ಕು ಸಾಲುಗಳಲ್ಲಿ ಹನ್ನೊಂದು ಹನ್ನೊಂದು, ಐದನೆಯದರಲ್ಲಿ ಐದು, ಉಳಿದೆರಡರಲ್ಲಿ ಏಳೇಳು: ಒಟ್ಟು 63. ಅಲ್ಲದೆ ಬಾಯ್ತೆರೆದುಕೊಂಡ ಒಂದು ಖಾಲಿ ಗುಂಡಿ. ಹೆಸರು ಹೇಳುವುದು ಅರವತ್ತು, ಕಲ್ಲು ಹೇಳುವುದು ಅರವತ್ತುಮೂರು, ಖಾಲಿ ಗುಂಡಿಯನ್ನೂ ಸೇರಿಸಿದರೆ ಅರವತ್ತುನಾಲ್ಕು. ಕೆಲವು ಗೋರಿಗಳು ಒಡೆದಿವೆ. ಮೇಲ್ಭಾಗ ಚಪ್ಪಟೆಯಾಗಿರುವುದರಿಂದ ಎಲ್ಲವೂ ಹೆಂಗಸರವೆಂದು ತಿಳಿಯುತ್ತದೆ; ಗಂಡಸರ ಗೋರಿಯ ಮೇಲೆ ಉಬ್ಬಿದ ದಿಂಡು ಇರುತ್ತದೆ.

ಬಿಜಾಪುರದ ಕಟ್ಟಡಗಳ ಮೇಲೆ 1916ರಲ್ಲಿ ದೊಡ್ಡ ಗ್ರಂಥ ಹೊರತಂದ ಹೆನ್ರಿ ಕಸಿನ್ಸ್ ಸಾಹೇಬನು ಈ ಗೋರಿಗಳ ಒಂದೇ ಅಳತೆ, ಒಂದೇ ಮಾದರಿ, ಸಮನಾದ ಅಂತರಗಳನ್ನು ಗಮನಿಸಿ, ಕಥೆಯಲ್ಲಿ ಹುರುಳಿರಬಹುದೆಂಬ ಕಡೆಗೆ ವಾಲಿದನು. ಖಾಲಿ ಗುಂಡಿಯು ತಪ್ಪಿಸಿಕೊಂಡವಳದಾಗಿರಬಹುದೆಂಬುದೂ ಅವನ ಊಹೆ. ಇದು ಅರಮನೆಯ ಹೆಂಗಸರಿಗೆಂದು ಬಿಟ್ಟಿದ್ದ ರುದ್ರಭೂಮಿ, ಕೊಲೆಯ ಕಥೆಯೆಲ್ಲ ಆಮೇಲೆ ಕಟ್ಟಿದ್ದು ಎನ್ನುವವರೂ ಇದ್ದಾರೆ.

ನಮಗೆ ಕಸಿನ್ಸನ ವಾದ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಂದೇ ಮಾದರಿಯೆಂದರೆ ಒಂದೇ ಯೋಜನೆಯೆಂದು ಸಿದ್ಧವಾಗಬಹುದು, ಒಂದೇ ದಿನದ ಸಾವೆಂದಲ್ಲ. ದಂಡು ಹೊರಡುವ ಗಡಿಬಿಡಿಯಲ್ಲಿ ಬಾವಿಗೆ ನೂಕಿಸಿದವನು ಆಮೇಲೆ ಇಷ್ಟು ಕಲ್ಲನ್ನು ಕೆತ್ತಿಸಿ, ಜಗಲಿ ಕಟ್ಟಿಸಿ, ಸಾಲು ತಪ್ಪದೆ ಇಡಿಸಿದನೇ? ಖಾನನ ಮಗ ಫಜಲಖಾನನು ಮುಂದೆಯೂ ಬಿಜಾಪುರದ ಪರವಾಗಿ ಶಿವಾಜಿಯ ಮೇಲೆ ಕಾದಿದನು. ತಾಯಂದಿರ ವಿಷಯದಲ್ಲಿ ಅವನೂ ಅವನ ಒಡಹುಟ್ಟಿದವರೂ ಸುಮ್ಮನಿದ್ದರೇ? ಇನ್ನು ಜ್ಯೋತಿಷಿಗಳು. ಸೋತವನ ಕಥೆಯಲ್ಲಿ ಜ್ಯೋತಿಷಿ ತಪ್ಪದೆ ಬರುತ್ತಾನೆ. ಖಾನನು ಗೆದ್ದು ಬಂದಿದ್ದರೆ ಆ ಭವಿಷ್ಯವನ್ನು ಯಾರೂ ನೆನೆಯುತ್ತಿರಲಿಲ್ಲ.

ಆದರೆ ಕಥೆಯನ್ನು ತಳ್ಳಿಹಾಕಿ ಸುಮ್ಮನೆ ಕೈ ತೊಳೆದುಕೊಳ್ಳುವುದೂ ನಮ್ಮಿಂದಾಗಲಿಲ್ಲ. ಬಾವಿಯ ಮಾತು ಸುಳ್ಳಾದರೂ ಅರವತ್ತುಮೂರು ಗೋರಿಗಳು ಸುಳ್ಳಲ್ಲ. ಖಾನನ ಹೆಸರು ಮಸೀದಿಯ ಕಲ್ಲಿನಲ್ಲಿದೆ, ಬಖರುಗಳಲ್ಲಿದೆ, ಲಾವಣಿಗಳಲ್ಲಿದೆ. ಇವರಲ್ಲಿ ಒಬ್ಬಳ ಹೆಸರಾದರೂ ನಮ್ಮವರೆಗೆ ಬಂದಿಲ್ಲ. ಯಾರ ಮಕ್ಕಳೋ, ಯಾವ ಊರವರೋ. ಕನ್ನಡದಲ್ಲಿ ಜೋಗುಳ ಹಾಡಿದವರೂ ಇವರಲ್ಲಿ ಇದ್ದಿರಬಹುದು. ಪುಣೆಯ ಹುಡುಗರಿಗೆ ಇವರು ಖಾನನ ಕ್ರೌರ್ಯಕ್ಕೊಂದು ಸಾಕ್ಷಿ. ಖಾನನ ಮೇಲಿನ ಕಳಂಕ ತೊಳೆಯಹೊರಟವರಿಗೆ ಒಂದು ಕಟ್ಟುಕಥೆ. ಹೆಂಗಸರೆಂದು ಇವರನ್ನು ನೆನೆದದ್ದು ರಾತ್ರಿಯ ಅಳುವಿನ ಆ ದೆವ್ವದ ಕಥೆಯೊಂದೇ ಎಂದು ನಮಗೆ ಅಲ್ಲಿ ನಿಂತಾಗ ಅನಿಸಿತು.

ಜಗಲಿಯ ಅಂಚಿನಲ್ಲಿ ಒಬ್ಬ ಮುದುಕಿ ಆಡು ಮೇಯಿಸುತ್ತಿದ್ದಳು. "ಅಮ್ಮಾ, ಇಲ್ಲಿ ದೆವ್ವ ಇದಾವಂತಲ್ಲ?" ಎಂದೆವು. ಆಕೆ ನಕ್ಕಳು. "ದೆವ್ವಾ ಎಲ್ಲೀದು ತಮ್ಮಾ? ನಾ ಸಣ್ಣಾಕಿ ಇದ್ದಾಗಿಂದ ಬರ್ತೀನಿ. ಹೆಣಮಕ್ಕಳು ಅಳೂದು ಕೇಳಾಕ ಇಲ್ಲೀತನಕ ಬರಬೇಕೇನು?" ಎಂದಳು. ಸೀರೆಯ ಸೆರಗಿನಿಂದ ಒಂದು ಗೋರಿಯ ಮೇಲಿನ ಕಸ ಜಾಡಿಸಿ ಅದರ ಮಗ್ಗುಲಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮಗೂ ಒಂದು ತುಂಡು ಕೊಟ್ಟಳು.

ಮರಳಿ ಬಂದ ಮೇಲೆ ಆ ಹುಡುಗನನ್ನು ಕೂಡಿಸಿಕೊಂಡು ಇದೆಲ್ಲವನ್ನೂ ಹೇಳಿದೆವು. ಅವನಿಗೆ ಖಾನನ ವಿಷಯದಲ್ಲಿ ಆಸಕ್ತಿ ಉಳಿದಿರಲಿಲ್ಲ. ಓಡಿಹೋದವಳು ಯಾವ ಕಡೆಗೆ ಓಡಿರಬಹುದು ಎಂದಷ್ಟೇ ಕೇಳಿದನು. ನಕ್ಷೆ ಬಿಚ್ಚಿ, ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ ಇವೆಯೆಂದು ತೋರಿಸಿದೆವು. ಅವನು ಭೀಮೆಯ ಮೇಲೆ ಬೆರಳಿಟ್ಟನು.