ಡೋಲಿಯಿಂದ ಹೆರಿಗೆ ಕೋಣೆಗೆ: ಆದಿವಾಸಿ ತಾಯಂದಿರ ಅನುಭವ ಅಧ್ಯಯನದ ವಸ್ತುವಾದ ಬಗೆ

ಆಂಧ್ರಪ್ರದೇಶದ ತಾಯಂದಿರ ಆರೋಗ್ಯದ ಅಂಕಿಅಂಶ ಮೇಲ್ನೋಟಕ್ಕೆ ಸಮಾಧಾನ ಕೊಡುತ್ತದೆ. 2018-20ರಲ್ಲಿ ಅಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 45 ತಾಯಂದಿರು ಸಾಯುತ್ತಿದ್ದರು. ದೇಶದ ಸರಾಸರಿ ಆಗ 97, ಕರ್ನಾಟಕದ್ದು 69. ನೂರಕ್ಕೆ 96ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆದರೆ ಅದೇ ವರ್ಷಗಳಲ್ಲಿ ವಿಶಾಖಪಟ್ಟಣದ ಏಜೆನ್ಸಿ ಪ್ರದೇಶದಿಂದ, ಅಂದರೆ 2022ರಲ್ಲಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಾದ ಪಾಡೇರು, ಅರಕು ಕಡೆಯ ಬೆಟ್ಟಗಳಿಂದ, ತುಂಬುಗರ್ಭಿಣಿಯರನ್ನು ಕೋಲಿಗೆ ಬಟ್ಟೆಯ ಡೋಲಿ ಕಟ್ಟಿ ಹೊತ್ತು ಇಳಿಸುವ ಸುದ್ದಿ ಬರುತ್ತಲೇ ಇತ್ತು. ಎರಡೂ ನಿಜ. ಸರಾಸರಿ ಇಡೀ ರಾಜ್ಯದ್ದು, ಡೋಲಿ ಮಾತ್ರ ಕೊಂದ್, ಪೊರ್ಜ, ಗದಬ ಮುಂತಾದ ಆದಿವಾಸಿ ಹೆಣ್ಣುಮಕ್ಕಳದ್ದು. ತಾಯಂದಿರ ಸಾವಿನ ಆ ದರವನ್ನು ಬುಡಕಟ್ಟುವಾರು ಬಿಡಿಸಿ ಪ್ರಕಟಿಸುವ ಪದ್ಧತಿಯೇ ಇಲ್ಲ.

ತಾಯಂದಿರ ಆರೋಗ್ಯದ ಅಧ್ಯಯನ ಬಹುಕಾಲ ಸಾವಿನ ಎಣಿಕೆಯಲ್ಲೇ ನಿಂತಿತ್ತು. 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು ಮೂರು ವಿಳಂಬಗಳ ಮಾತೆತ್ತಿದರು: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವುದು, ಅಲ್ಲಿಗೆ ತಲುಪುವುದು, ತಲುಪಿದ ಮೇಲೆ ಆರೈಕೆ ಸಿಗುವುದು. ಕೊಪ್ಪಳದಲ್ಲಿ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಅವರ ತಂಡ ನಡೆಸಿದ ಅಧ್ಯಯನ ತಾಯಂದಿರ ಸಾವಿನ ಹಿಂದೆ ವ್ಯವಸ್ಥೆಯೊಳಗಿನ ವೈಫಲ್ಯಗಳನ್ನು ಗುರುತಿಸಿತು. 2010ರಲ್ಲಿ ಮಧ್ಯಪ್ರದೇಶದ ಬಡವಾನಿ ಎಂಬ ಆದಿವಾಸಿ ಜಿಲ್ಲೆಯಲ್ಲಿ ತಾಯಂದಿರ ಸಾವುಗಳ ವಿರುದ್ಧ ಜನ ಬೀದಿಗಿಳಿದ ಮೇಲೆ ಸುಭಾಶ್ರೀ, ಸರೋಜಿನಿ, ರೇಣು ಖನ್ನಾ ನಡೆಸಿದ ತನಿಖೆ, ಆಸ್ಪತ್ರೆ ಬಾಗಿಲು ತಲುಪಿಯೂ ಹೆಂಗಸರು ಸತ್ತದ್ದನ್ನು ದಾಖಲಿಸಿತು. ಹೆರಿಗೆ ಕೋಣೆಯ ಬೈಗುಳ, ಹೊಡೆತ, ನಿರ್ಲಕ್ಷ್ಯಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಹಕ್ಕಿನ ಪ್ರಶ್ನೆಯೆಂದು ಒಪ್ಪಿದ್ದು 2014ರಲ್ಲಿ. ಶ್ರೀಮಂತ ಬ್ರಿಟನ್ನಿನಲ್ಲೂ ಕಪ್ಪು ತಾಯಂದಿರ ಸಾವಿನ ಪ್ರಮಾಣ ಬಿಳಿಯರದ್ದರ ಎರಡು ಪಟ್ಟಿಗೂ ಹೆಚ್ಚೆಂದು ಅಲ್ಲಿನ ವರದಿಗಳೇ ಹೇಳುತ್ತಿವೆ. ಬಡತನವೊಂದೇ ಕಾರಣವೆನ್ನುವ ವಾದ ಇದರ ಮುಂದೆ ಸಾಲದು.

ಆಂಧ್ರದ ಯೋಜನೆಗಳು ಹೆಚ್ಚಾಗಿ ಹಿಡಿದದ್ದು ಎರಡನೆಯ ವಿಳಂಬವನ್ನು, ಅಂದರೆ ಆಸ್ಪತ್ರೆ ತಲುಪುವುದನ್ನು. 2005ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ 108 ಆಂಬುಲೆನ್ಸ್, ಆಮೇಲೆ ಬೆಟ್ಟದ ದಾರಿಗೆಂದು ಬಂದ ಬೈಕ್ ಆಂಬುಲೆನ್ಸ್, ಇವು ಜೀವ ಉಳಿಸಿವೆ, ಅದರಲ್ಲಿ ಸಂಶಯವಿಲ್ಲ. ಆದರೆ ಪಾಡೇರಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಕಳಿಸಲ್ಪಟ್ಟ, ಕೊಂದರ ಕುವಿ ಭಾಷೆ ಮಾತ್ರ ಬಲ್ಲ ಹುಡುಗಿಗೆ ತನಗೆ ಏನು ಮಾಡುತ್ತಿದ್ದಾರೆಂದು ಅವಳ ಭಾಷೆಯಲ್ಲಿ ಹೇಳುವವರು ಬೇಕು. ಅವಳು ಊರಿಗೆ ಮರಳಿ ಹೇಳುವ ಅನುಭವವೇ ಮುಂದಿನ ಬಸುರಿಯ ಮನೆಯಲ್ಲಿ ಮೊದಲನೆಯ ವಿಳಂಬವಾಗುತ್ತದೆ. ಈ ಹಿಂಜರಿಕೆಯನ್ನು ಮೂಢನಂಬಿಕೆ ಎಂದು ಬರೆದುಕೊಳ್ಳುವುದು ಅನ್ಯಾಯ. ದೂರವೇ ಎಲ್ಲಕ್ಕೂ ಕಾರಣವಾಗಿದ್ದರೆ ವಿಜಯವಾಡದಲ್ಲಿ ತೊಡಕೇ ಇರಬಾರದಿತ್ತು. ಅಲ್ಲಿ ಆಸ್ಪತ್ರೆ ಹತ್ತಿರ. ಆದರೆ ಅಲ್ಲಿನ ಕೃಷ್ಣಾ ತೀರದ ಯಾನಾದಿ ಆದಿವಾಸಿಗಳಲ್ಲಿ ಆಧಾರ್, ರೇಷನ್ ಕಾರ್ಡ್ ಇಲ್ಲದ ಕುಟುಂಬಗಳಿವೆ, ಹೆರಿಗೆಯ ನೆರವಿನ ಹಣವೋ ಬ್ಯಾಂಕ್ ಖಾತೆಗೇ ಬರಬೇಕು.

ಮೊದಲು ಜೀವ ಉಳಿಯಲಿ, ಗೌರವದ ಮಾತು ಆಮೇಲೆ ಎನ್ನುವವರಿದ್ದಾರೆ. ನೂರಾರು ಹೆರಿಗೆ ನೋಡುವ ಸರ್ಕಾರಿ ವಾರ್ಡಿನ ನರ್ಸುಗಳ ಮೇಲಿನ ಒತ್ತಡ ಬಲ್ಲವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಅವಮಾನಕ್ಕೆ ಹೆದರಿ ತಡವಾಗಿ ಬಂದವಳ ರಕ್ತಸ್ರಾವ ನಿಲ್ಲಿಸುವುದು ಇನ್ನೂ ಕಷ್ಟ. ಜೀವ ಮತ್ತು ಗೌರವ ಇಲ್ಲಿ ಬೇರೆಬೇರೆಯಲ್ಲ. ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟ ದೇಶ, ಬೆಟ್ಟದ ಸೂಲಗಿತ್ತಿಯನ್ನು ಆಸ್ಪತ್ರೆಯ ವರಾಂಡದಲ್ಲಿ ಕೂರಿಸುವುದು ಸಲ್ಲದು. ಕುವಿ, ಆದಿವಾಸಿ ಒಡಿಯಾ ಬಲ್ಲ ಒಬ್ಬ ಹೆಂಗಸು ಪ್ರತಿ ಪಾಳಿಯಲ್ಲೂ ಇರಲಿ. ತಾಯಂದಿರ ಸಾವಿನ ಲೆಕ್ಕ ಬುಡಕಟ್ಟುವಾರು ಪ್ರಕಟವಾಗಲಿ. ಆಂಧ್ರ ಸರ್ಕಾರ ಇವೆರಡನ್ನು ಇನ್ನು ಮುಂದೂಡಬಾರದು.